ನಲವತ್ತಾರರಲ್ಲಿ ಜಂಟಿ ವರಸೆ

"ಈ ವಯಸ್ಸಲ್ಲಿ ಪೀಪಿ ಊದೋದು ಕಲ್ತು ಯಾವ ಕಚೇರಿ ಕೊಡ್ಬೇಕಾಗಿದೆಯೋ?" ಅಂತ ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದಾಗ ನಕ್ಕುಬಿಟ್ಟೆ. ಆಮೇಲೆ ಆ ಮಾತು ತಲೆಯಲ್ಲೇ ಉಳಿಯಿತು. ಊದಲು ಕಲಿತರೆ ಕಚೇರಿ ಕೊಡಬೇಕು, ಇಲ್ಲದಿದ್ದರೆ ಕೆಳಗೆ ಕುರ್ಚಿಯಲ್ಲಿ ಕೂತು ತಲೆದೂಗಬೇಕು. ಸುಮಾರಾಗಿ ನುಡಿಸುವವನು ಎಲ್ಲಿ ಕೂರಬೇಕು?

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕೊಳಲು ಕಲಿಯಲು ಹೋಗಿದ್ದೆ. ಎಂಟು ತೂತಿನ, ನಮ್ಮ ಕರ್ನಾಟಕ ಪದ್ಧತಿಯ ಕೊಳಲು. ಮೊದಲ ಮೂರು ವಾರ ಬರೀ ಗಾಳಿ, ತಲೆಸುತ್ತು. ನಾದ ಹುಟ್ಟಿದ ಮೇಲೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಅಂದರೆ ಸ್ವರ ಏರಿಳಿಸುವ ಮೊದಲ ಪಾಠ, ಆಮೇಲೆ ಒಂದೊಂದು ಸ್ವರವನ್ನೂ ಎರಡೆರಡು ಸಲ ನುಡಿಸುವ ಜಂಟಿ ವರಸೆ. ಈ ಪಾಠಕ್ರಮ ಹಂಪಿಯ ಪುರಂದರದಾಸರು ಹಾಕಿಕೊಟ್ಟದ್ದು ಎಂದು ಮೇಷ್ಟ್ರು ವಾರಕ್ಕೊಮ್ಮೆ ನೆನಪಿಸುತ್ತಿದ್ದರು. ಎಂಟು ತಿಂಗಳಾದರೂ ಒಂದು ಪಿಳ್ಳಾರಿ ಗೀತೆಯ, ಅಂದರೆ ಹೊಸಬರಿಗೆ ಕಲಿಸುವ ಮೊದಲ ಹಾಡಿನ, ಮುಖ ನೋಡಲಿಲ್ಲ. ಎಸ್ಸೆಸ್ಸೆಲ್ಸಿ ಬಂತು, ಕೊಳಲು ಅಟ್ಟ ಸೇರಿತು.

ಡಬ್ಲಿನ್‌ನಲ್ಲಿ ಈಗ ನನ್ನ ಕೈಯಲ್ಲಿರುವುದು ಟಿನ್ ವಿಸಲ್, ಐರಿಷ್ ಜನಪದ ಸಂಗೀತದ ಪುಟ್ಟ ಲೋಹದ ಪೀಪಿ. ಆರು ತೂತು, ಡಿ ಶ್ರುತಿ, ಬೆಲೆ ಹದಿನೈದು ಯೂರೋದೊಳಗೆ. ಗಾಳಿಯ ದಾರಿ ಬಾಯಲ್ಲಿಟ್ಟುಕೊಳ್ಳುವ ಕಡೆಯೇ ಕೊರೆದಿರುವುದರಿಂದ ತುಟಿಯ ಕಸರತ್ತು ಬೇಕಿಲ್ಲ, ಮೊದಲ ದಿನವೇ ಸದ್ದು ಬರುತ್ತದೆ. (ಪಕ್ಕದ ಮನೆಯವರ ಕಷ್ಟ ಬೇರೆ.) ಮೊದಲ ತರಗತಿಯಲ್ಲಿ ಟೀಚರ್ ಜಿಗ್ ಎಂಬ ಕುಣಿತದ ಧಾಟಿಯ ತುಣುಕು ಊದಿ, "ಈಗ ನೀವು" ಎಂದರು. ಹಾಳೆ ಇಲ್ಲ, ಸ್ವರದ ಹೆಸರಿಲ್ಲ, ಕಿವಿಯೇ ಪುಸ್ತಕ. ಗಂಟೆ ಮುಗಿಯುವಷ್ಟರಲ್ಲಿ ಒಂದು ಧಾಟಿಯ ಅರ್ಧ ಬೆರಳಲ್ಲಿತ್ತು. "ಅಭ್ಯಾಸದ ಪಾಠ ಯಾವಾಗ?" ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಮೂರು ಧಾಟಿ ಬಂದ ಮೇಲೆ ಸೆಷನ್‌ಗೆ ಹೋದೆ. ಪಬ್ಬಿನ ಮೂಲೆಯಲ್ಲಿ ಹತ್ತು ಹನ್ನೆರಡು ಜನ ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗೆ ಸುತ್ತ ಕೂತಿರುತ್ತಾರೆ, ಕೇಳುವವರಿಗೆ ಬೆನ್ನು. ಒಂದು ಧಾಟಿಯನ್ನು ಎರಡು ಮೂರು ಸಲ ನುಡಿಸಿ, ನಿಲ್ಲಿಸದೆ ಮುಂದಿನದಕ್ಕೆ ಜಾರುತ್ತಾರೆ. ಗೊತ್ತಿದ್ದರೆ ಸೇರಿಕೊಳ್ಳಿ, ಗೊತ್ತಿಲ್ಲದಿದ್ದರೆ ವಾದ್ಯ ತೊಡೆಯ ಮೇಲಿಟ್ಟು ಸುಮ್ಮನಿರಿ. ಒಂದು ಸಂಜೆ ಪೂರ್ತಿ ನಾನು ಊದಿದ್ದು ನಾಲ್ಕು ನಿಮಿಷ. ಯಾರೂ ಹೊಗಳಲಿಲ್ಲ, ಯಾರೂ ಮುಖ ಗಂಟಿಕ್ಕಲಿಲ್ಲ. ಆ ಉಪೇಕ್ಷೆ ಎಷ್ಟು ಹಿತವಾಗಿತ್ತೆಂದರೆ ಮನೆವರೆಗೂ ನಡೆದೇ ಬಂದೆ.

ಇದು ತಾನಾಗಿ ಉಳಿದುಬಂದದ್ದೇನಲ್ಲ. ಸೊರಗುತ್ತಿದ್ದ ಸಂಗೀತವನ್ನು ಎತ್ತಿ ನಿಲ್ಲಿಸಲೆಂದೇ 1951ರಲ್ಲಿ ಮಲಿಂಗರ್ ಊರಿನಲ್ಲಿ ಕೋಲ್ತಸ್ ಎಂಬ ಸಂಸ್ಥೆ ಹುಟ್ಟಿತು. ಕ್ಲೇರ್ ಸೀಮೆಯ ಮಿಲ್‌ಟೌನ್ ಮಾಲ್‌ಬೇಯಲ್ಲಿ 1973ರಿಂದ ಬೇಸಿಗೆ ಶಾಲೆ ನಡೆಯುತ್ತಿದೆ, ಪ್ರತಿ ಜುಲೈನಲ್ಲಿ.

ನಮ್ಮಲ್ಲೂ ಇಂಥ ಜಾಗ ಇಲ್ಲವೇ ಅಂದರೆ ಇದೆ: ಭಜನಾ ಮಂಡಳಿ. ಶ್ರುತಿ ತಪ್ಪಿದವರೂ ಅಲ್ಲಿ ನಿಶ್ಚಿಂತೆಯಿಂದ ಹಾಡುತ್ತಾರೆ. ಆದರೆ ತಾಳ, ಹಾರ್ಮೋನಿಯಂ, ತಬಲಾ ಬಿಟ್ಟರೆ ಊದುವವರನ್ನು ನಾನಂತೂ ಅಲ್ಲಿ ಕಂಡಿಲ್ಲ. ಬಾಯಿಗಿಟ್ಟ ವಾದ್ಯ ಎಂಜಲು ಎಂಬ ಹಳೆಯ ಮಡಿ ಅದರ ಹಿಂದಿದೆ, ಅದರ ಹಿಂದೆ ಜಾತಿ ಇದೆ. ವಾಲಗ ಇಲ್ಲದೆ ತಾಳಿ ಕಟ್ಟಿಸುವುದಿಲ್ಲ, ಮನೆಮಗ ನಾಗಸ್ವರ ಕಲಿಯುತ್ತೇನೆಂದರೆ ಮಾತ್ರ ಮನೆಮಂದಿಗೆಲ್ಲ ಗಾಬರಿ. ಕೃಷ್ಣನ ಕೈಯಲ್ಲಿದೆ ಎಂದು ಕೊಳಲಿಗಷ್ಟೇ ಮಾಫಿ.

ಹಾಗಂತ ಇಲ್ಲಿಯದೇ ಸರಿ ಎನ್ನಲಾರೆ. ಆರು ತಿಂಗಳಾಗುವಷ್ಟರಲ್ಲಿ ನನ್ನ ರೀಲ್‌ಗಳು (ಜಿಗ್‌ನಂತೆ ಇದೂ ಒಂದು ಕುಣಿತದ ಧಾಟಿ) ಗಂಜಿಯಾಗಿದ್ದವು. ಒಂದೇ ಸ್ವರ ಎರಡು ಸಲ ಬಂದರೆ ನಡುವೆ ಗೆರೆಯೇ ಇಲ್ಲ. ಹಳಬರು ಇದನ್ನು ನಾಲಿಗೆಗಿಂತ ಹೆಚ್ಚಾಗಿ ಬೆರಳಿನಿಂದ ಬಿಡಿಸುತ್ತಾರೆ. ಮೇಲಿನ ಬೆರಳನ್ನು ಚಕ್ಕನೆ ಎತ್ತಿ ಇಳಿಸಿದರೆ ಕಟ್, ಕೆಳಗಿನ ತೂತಿಗೆ ಚಿಟಿಕೆ ಹೊಡೆದಂತೆ ಬೆರಳು ಬಡಿದು ತೆಗೆದರೆ ಟ್ಯಾಪ್. ತರಗತಿಯ ಉಳಿದವರು ಟ್ಯಾಪ್‌ಗೆ ವಾರಗಟ್ಟಲೆ ಒದ್ದಾಡಿದರು, ನನಗೆ ಒಂದೇ ಸಂಜೆಗೆ ಬಂತು. ಸಸ ರಿರಿ ಗಗ ಎನ್ನುವಾಗ ಎರಡನೆಯ ಸ್ವರಕ್ಕೆ ಕೆಳಗಿನ ಸ್ವರ ತಾಗಿಸಿ ಒತ್ತು ಕೊಡು ಎಂದು ಮೇಷ್ಟ್ರು ಎಂಟು ತಿಂಗಳು ತಲೆ ತಿಂದದ್ದು ಇದನ್ನೇ! ನಾವು ಸ್ಫುರಿತ ಅಂದೆವು, ಇವರು ಟ್ಯಾಪ್ ಅಂದರು. ಬೆರಳು ಮಾತ್ರ ಮೂವತ್ತು ವರ್ಷ ಮರೆತಿರಲಿಲ್ಲ. ಆ ಪಾಠದ ನಡುವೆ ಒಂದೇ ಒಂದು ದೇವರನಾಮ ಕೊಟ್ಟಿದ್ದರೆ ನಾನು ಬಿಡುತ್ತಿರಲಿಲ್ಲವೇನೋ ಎಂಬ ಕೊರಗೂ ಇದೆ.

ಈಗ ಸೆಷನ್ ಶುರುವಾಗುವ ಮುಂಚೆ ಬೆರಳು ಬಿಸಿ ಮಾಡಲು ಮೆಲ್ಲಗೆ ಜಂಟಿ ವರಸೆ ಊದುತ್ತೇನೆ. ಟಿನ್ ವಿಸಲ್‌ನಲ್ಲಿ ಮಾಯಾಮಾಳವಗೌಳ ಸಲೀಸಾಗಿ ಸಿಗದು, ಹಾಗಾಗಿ ಶಂಕರಾಭರಣದಲ್ಲಿ. ಮೊನ್ನೆ ಅಕಾರ್ಡಿಯನ್ ನುಡಿಸುವ ಅಜ್ಜ ತನ್ನ ಪೆಟ್ಟಿಗೆಯ ಪಟ್ಟಿ ಬಿಚ್ಚುತ್ತಾ ಕಿವಿಗೊಟ್ಟು, "ಇದು ಯಾವ ಸೀಮೆಯದು, ಡೊನೆಗಾಲ್‌ದಾ?" ಎಂದು ಕೇಳಿದರು.

"ಇಲ್ಲ, ಹಂಪಿ ಕಡೆಯದು" ಎಂದೆ.

"ಇನ್ನೊಂದ್ಸಲ ಊದು" ಎಂದು ಅವರು ತಮ್ಮ ಪೆಟ್ಟಿಗೆಯಲ್ಲಿ ಸ್ವರ ಹುಡುಕತೊಡಗಿದರು.