‘ಲಿವರ್ ಊದಿದೆಯಂತೆ, ಒಂದು ಟಾನಿಕ್ ಬರೆದುಕೊಡಿ ಡಾಕ್ಟ್ರೇ’

ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ‘ಹೆಪಟೊಮೆಗಲಿ’, ಅಂದರೆ ಲಿವರ್ ದೊಡ್ಡದಾಗಿದೆ ಅಂತ ಕಂಡರೆ ಸಾಕು, ಕೆಲವರು ಕ್ಯಾನ್ಸರ್ ತನಕ ಹೋಗಿಬಿಡುತ್ತಾರೆ. ಉಳಿದವರು ಮೆಡಿಕಲ್ ಶಾಪ್‌ಗೆ ಹೋಗಿ ಲಿವರ್ ಟಾನಿಕ್ ತರುತ್ತಾರೆ. ಲಿವರ್ ದೊಡ್ಡದಾಗಿದೆ ಅನ್ನೋದು ಕಾಯಿಲೆಯ ಹೆಸರೇ ಅಲ್ಲ. ಜ್ವರ ಇದ್ದ ಹಾಗೆ, ಅದಕ್ಕೊಂದು ಕಾರಣ ಇರುತ್ತದೆ. ಅದನ್ನು ಹುಡುಕಬೇಕು.

ನನ್ನ ತಕರಾರು ನಮ್ಮ ವೈದ್ಯರ ಮೇಲೂ ಇದೆ. ಹೊಟ್ಟೆ ಮುಟ್ಟಿ ನೋಡೋದನ್ನೇ ಕಡಿಮೆ ಮಾಡಿದ್ದೇವೆ. ರೋಗಿಯನ್ನು ಮಲಗಿಸಿ, ಬಲಗಡೆ ಕೆಳಹೊಟ್ಟೆಯಿಂದ ಶುರು ಮಾಡಿ, ಒಂದೊಂದು ಉಸಿರಿಗೂ ಕೈಯನ್ನು ಸ್ವಲ್ಪ ಸ್ವಲ್ಪ ಮೇಲಕ್ಕೆ ಸರಿಸಿದರೆ ಊದಿದ ಲಿವರ್‌ನ ಅಂಚು ಬೆರಳಿಗೆ ತಾಗುತ್ತದೆ. ನಯವಾಗಿದ್ದು ಒತ್ತಿದರೆ ನೋವಾದರೆ ಹೆಪಟೈಟಿಸ್ಸೋ (ಲಿವರ್‌ನ ಉರಿಯೂತ) ಹೃದಯದ ತೊಂದರೆಯೋ ಇರಬಹುದು. ಗಟ್ಟಿಯಾಗಿ ಗಂಟುಗಂಟಾಗಿದ್ದರೆ ತಡಮಾಡುವ ಹಾಗಿಲ್ಲ. ಆದರೆ ಕೈಗೆ ಸಿಕ್ಕಿದ್ದೆಲ್ಲ ಊದಿದ್ದಲ್ಲ. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಹಿಗ್ಗಿದವರಲ್ಲಿ ಸರಿಯಾದ ಅಳತೆಯ ಲಿವರೇ ಕೆಳಗೆ ಸರಿದಿರುತ್ತದೆ. ಅದಕ್ಕೇ ಎದೆ ತಟ್ಟಿ ಮೇಲಿನ ಅಂಚನ್ನೂ ಗುರುತಿಸಬೇಕು. ಕತ್ತಿನ ನರ ಉಬ್ಬಿದೆಯಾ, ಕಾಲು ಬಾತಿದೆಯಾ ಅಂತಲೂ ನೋಡಬೇಕು. ಹೃದಯ ಸೋತು, ರಕ್ತ ಕಟ್ಟಿಕೊಂಡು ಊದಿದ ಲಿವರ್ ನೀರಿಳಿಸುವ ಮಾತ್ರೆಗೆ ಇಳಿಯುತ್ತದೆ. ಅಲ್ಲಿ ಟಾನಿಕ್ ಏನು ಮಾಡೀತು?

ಈಗ ಜಾಸ್ತಿ ಸಿಗೋದು ಫ್ಯಾಟಿ ಲಿವರ್. ಕುಡಿಯದವರಿಗೂ ಬರುತ್ತದೆ, ಶುಗರ್ ಮತ್ತು ಹೊಟ್ಟೆಯ ಬೊಜ್ಜು ಇದ್ದರೆ ಇನ್ನೂ ಸುಲಭವಾಗಿ. ‘ಗ್ರೇಡ್ 1 ಅಷ್ಟೇ’ ಅಂತ ಸಮಾಧಾನ ಬೇಡ. ಸ್ಕ್ಯಾನಿಂಗ್‌ನ ಆ ಗ್ರೇಡ್ ಕೊಬ್ಬಿನದು. ಲಿವರ್ ಎಷ್ಟು ಗಟ್ಟಿಯಾಗಿದೆ ಅನ್ನೋದು ಅದರಲ್ಲಿ ಗೊತ್ತಾಗಲ್ಲ. ವಯಸ್ಸು, ರಕ್ತಪರೀಕ್ಷೆಯಲ್ಲಿ ಸಿಗುವ ಲಿವರ್ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ, ಜೊತೆಗೆ ಪ್ಲೇಟ್‌ಲೆಟ್ ಇಷ್ಟಿದ್ದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆಯನ್ನು ಅಂದಾಜಿಸುವ ಫಿಬ್-4 ಲೆಕ್ಕ ಹಾಕಬಹುದು. 1.3ರ ಒಳಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ, 65 ದಾಟಿದವರಿಗೆ 2ರ ತನಕ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಲಿವರ್‌ನ ಗಟ್ಟಿತನ ಅಳೆಯುವ ಫೈಬ್ರೊಸ್ಕ್ಯಾನ್ ಮಾಡಿಸಬೇಕು. ಹೆಪಟೈಟಿಸ್ ಬಿ, ಸಿ ಟೆಸ್ಟ್ ಮಾತ್ರ ಬಿಡಬೇಡಿ. ಸಿ ಈಗ ಬರೀ ಮಾತ್ರೆಯಲ್ಲೇ, ಹೆಚ್ಚಿನವರಿಗೆ 12 ವಾರದಲ್ಲಿ ವಾಸಿಯಾಗುತ್ತದೆ.

ಫ್ಯಾಟಿ ಲಿವರ್‌ಗೆ ಮೊದಲ ಔಷಧಿ ತೂಕ ಇಳಿಸೋದು. 80 ಕೆಜಿ ಇದ್ದವರು ನಿಧಾನವಾಗಿ 6ರಿಂದ 8 ಕೆಜಿ ಇಳಿಸಿದರೆ ಕೊಬ್ಬಿನ ಜೊತೆ ಲಿವರ್‌ನ ಉರಿಯೂತವೂ ತಗ್ಗುತ್ತದೆ. ಕುಡಿಯುವವರು ಪೂರ್ತಿ ಬಿಡಬೇಕು, ‘ಬರೀ ಬಿಯರ್’ ಅನ್ನೋ ಲೆಕ್ಕ ನಡೆಯಲ್ಲ. ಇನ್ನು ಕಷಾಯದವರು ನನ್ನ ಮೇಲೆ ಸಿಟ್ಟಾಗಬಹುದು. ಆದರೂ ಹೇಳುತ್ತೇನೆ, ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ತಗೊಂಡು ಲಿವರ್ ಕೆಡಿಸಿಕೊಂಡವರ ಬಗ್ಗೆ ಮುಂಬೈ ವೈದ್ಯರು ವರದಿ ಮಾಡಿದ್ದಾರೆ.

ಇನ್ನೊಂದು ವಿಷಯ. ‘ಹೋದ ಸಲ ಊದಿತ್ತು, ಈ ಸಲ ಚಿಕ್ಕದಾಗಿದೆ’ ಅಂತ ಖುಷಿಯಲ್ಲಿ ಬರುವವರಿದ್ದಾರೆ. ಆದರೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಮುಂದುವರಿದರೂ ಲಿವರ್ ಕುಗ್ಗುತ್ತದೆ. ಅದೇ ರಿಪೋರ್ಟ್‌ನಲ್ಲಿ ಸ್ಪ್ಲೀನ್ (ಗುಲ್ಮ) ದೊಡ್ಡದಾಗಿದೆ ಅಂತಲೋ, ಹೊಟ್ಟೆಯಲ್ಲಿ ನೀರಿದೆ ಅಂತಲೋ ಬರೆದಿದ್ದರೆ ಅವತ್ತೇ ವೈದ್ಯರಿಗೆ ತೋರಿಸಿ.