ಸತ್ಯಾಂಶ: ಎಳೆಯೋ ಶಕ್ತಿ ಇದ್ದರೆ ಸಾಕಾ?

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯಂಥ ಗಾಡಿ) ಕೊಳ್ಳಲು ಹೊರಟವರಿಗೆ ಒಂದು ಫಾರ್ವರ್ಡ್ ಬರುತ್ತದೆ: "ನಿಮ್ಮ ಪಿಕಪ್ 7,500 ಪೌಂಡ್ ಎಳೆಯುತ್ತದಾ? 6,000 ಪೌಂಡಿನ ಟ್ರೇಲರ್ ಕಣ್ಣು ಮುಚ್ಚಿ ತಗೊಳ್ಳಿ. ಹಿಚ್ ಮೇಲೆ ಭಾರ ಜಾಸ್ತಿ ಆದರೆ ಸಾಮಾನು ಹಿಂದಕ್ಕೆ ಸರಿಸಿ."

ಎರಡೂ ತಪ್ಪು. ಎರಡನೆಯದಂತೂ ಅಪಾಯ.

ಟ್ರೇಲರ್ ಬರೀ ಹಿಂದೆ ಉರುಳಿಕೊಂಡು ಬರುವುದಿಲ್ಲ, ಅದರ ಮೂತಿ ಪಿಕಪ್ ಮೇಲೆ ಕೂತಿರುತ್ತದೆ. ಸಾಮಾನು ತುಂಬಿದ ಟ್ರೇಲರ್ ತೂಕದ 10ರಿಂದ 15% ಹಿಚ್ ಮೇಲೆ, ಅಂದರೆ ಪಿಕಪ್ಪಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ ಬರಬೇಕು. ಸಾಮಾನು ಹಿಂದಕ್ಕೆ ಸರಿಸಿ ಅದು ಕಡಿಮೆಯಾದರೆ ಹೆದ್ದಾರಿ ವೇಗದಲ್ಲಿ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ, ಪಿಕಪ್ಪನ್ನೂ ಎಳೆದಾಡುತ್ತದೆ.

ಈ ಭಾರ ಪಿಕಪ್ಪಿನ ಪೇಲೋಡ್, ಅಂದರೆ ಪಿಕಪ್ ತನ್ನ ಮೇಲೆ ಹೊರಬಹುದಾದ ಒಟ್ಟು ತೂಕದ ಲೆಕ್ಕಕ್ಕೆ ಸೇರುತ್ತದೆ. ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನಲ್ಲಿ ಹಳದಿ ಬಿಳಿ ಸ್ಟಿಕರ್ ಕಾಣುತ್ತದೆ, ಅಲ್ವಾ? ಅದರಲ್ಲಿ 1,400 ಪೌಂಡ್ ಅಂತಿದೆ ಅನ್ನಿ. 6,000 ಪೌಂಡಿನ ಟ್ರೇಲರಿನ ಹಿಚ್ ಭಾರ 750, ನಾಲ್ಕು ಜನ 550, ಹಿಚ್‌ನ ಕಬ್ಬಿಣವೇ 80. ಉಳಿದದ್ದು 20. ಇಂಡಿಯನ್ ಸ್ಟೋರಿನ ಒಂದು ಅಕ್ಕಿ ಚೀಲಕ್ಕೆ ಸರಿಹೋಯಿತು! ಕೂಲರ್, ಸೈಕಲ್ ಎಲ್ಲಿಡುವುದು?

ಬ್ರೋಷರ್‌ನಲ್ಲಿರುವ ಹಿಚ್ ತೂಕ ನಂಬಬೇಡಿ. ಅದು ಖಾಲಿ ಟ್ರೇಲರಿನದು. ಸಾಮಾನ್ಯವಾಗಿ ಬ್ಯಾಟರಿ, ತುಂಬಿದ ಗ್ಯಾಸ್ ಸಿಲಿಂಡರ್ ಟ್ರೇಲರಿನ ಮೂತಿಯಲ್ಲೇ ಇರುತ್ತವೆ. ಟ್ಯಾಂಕಿಗೆ ನೀರು ತುಂಬಿದರೆ ಟ್ರೇಲರ್ ತೂಕಕ್ಕೆ ಗ್ಯಾಲನ್ನಿಗೆ 8.3 ಪೌಂಡ್ ಸೇರುತ್ತದೆ.

ಸರಿಯಾದ ಅಂಕಿ ಬೇಕೆಂದರೆ ಟ್ರಕ್ ಸ್ಟಾಪಿನ ವೇಬ್ರಿಡ್ಜ್‌ಗೆ ಹೋಗಿ. ಟ್ರೇಲರ್ ಸಿಕ್ಕಿಸಿ, ಸ್ಪ್ರಿಂಗ್ ಬಾರ್ (ಹಿಚ್ ಭಾರವನ್ನು ಬೇರೆ ಆಕ್ಸಲ್‌ಗಳಿಗೂ ಹಂಚುವ ಸರಳು) ಬಿಗಿಯದೆ, ಪಿಕಪ್ಪಿನ ಎರಡು ಆಕ್ಸಲ್ ತೂಗಿ. ಟ್ರೇಲರ್ ಬಿಚ್ಚಿ ಪಿಕಪ್ ಒಂದನ್ನೇ ಇನ್ನೊಮ್ಮೆ ತೂಗಿ. ಎರಡರ ವ್ಯತ್ಯಾಸವೇ ಹಿಚ್ ಭಾರ.