ತಟ್ಟೆ ಎಸೆಯುವವನ ಚೀಲ

ಶನಿವಾರ ಇಂಡಿಯನ್ ಅಂಗಡಿಯ ಮುಂದೆ ನನ್ನ ಹೆಂಡತಿ ಕಾರಿನ ಡಿಕ್ಕಿ ತೆಗೆದಳು. 20 ಪೌಂಡಿನ ಸೋನಾ ಮಸೂರಿ ಚೀಲ ನನ್ನ ಹೆಗಲ ಮೇಲಿತ್ತು. ಡಿಕ್ಕಿಯಲ್ಲಿ ಜಾಗ ಇರಲಿಲ್ಲ.

"ರೀ, ಇದರಲ್ಲಿ ಎಷ್ಟು ತಟ್ಟೆ ಇವೆ?"

"ಮೂವತ್ತೋ ನಲವತ್ತೋ" ಅಂದೆ. ಅವಳು ಅಲ್ಲೇ ನಿಂತು ಎಣಿಸಿದಳು. 61. ಪುಣ್ಯಕ್ಕೆ ಗ್ಯಾರೇಜಿನ ಲೆಕ್ಕ ಕೇಳಲಿಲ್ಲ. ಅಕ್ಕಿ ಹಿಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಸಿಕೊಂಡು ಮನೆಗೆ ಬಂತು.

ಅವಳು ತಟ್ಟೆ ಅನ್ನುವುದು ಡಿಸ್ಕ್‌ಗೆ. ನಾನು 2003ರಿಂದ ಡಿಸ್ಕ್ ಗಾಲ್ಫ್ ಆಡುತ್ತಿದ್ದೇನೆ. ಕ್ಯಾಲಿಫೋರ್ನಿಯಾಕ್ಕೆ ಬಂದ ಎರಡನೇ ವರ್ಷ ಆಫೀಸಿನ ಗೆಳೆಯನೊಬ್ಬ ಊಟದ ಹೊತ್ತಿನಲ್ಲಿ ಪಾರ್ಕಿಗೆ ಕರೆದುಕೊಂಡು ಹೋದ. ಗಾಲ್ಫಿನ ಹಾಗೇ, ಆದರೆ ಚೆಂಡಿಲ್ಲ, ಕೋಲಿಲ್ಲ, ಗುಂಡಿಯೂ ಇಲ್ಲ. ಒಂದು ಕಂಬ, ಅದರ ಸುತ್ತ ಇಳಿಬಿಟ್ಟ ಸರಪಳಿಗಳು, ಕೆಳಗೊಂದು ಕಬ್ಬಿಣದ ಬುಟ್ಟಿ. ಮುನ್ನೂರು ಅಡಿ ದೂರದಿಂದ ಎಸೆಯುತ್ತಾ ಹೋಗಿ ಡಿಸ್ಕನ್ನು ಬುಟ್ಟಿಗೆ ಹಾಕಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ಸಾಮಾನ್ಯವಾಗಿ 18 ಬುಟ್ಟಿ. ಬಹಳಷ್ಟು ಪಾರ್ಕುಗಳಲ್ಲಿ ಆಡಲು ಕಾಸು ಕೊಡಬೇಕಾಗಿಲ್ಲ. ಬುಟ್ಟಿಯೂ ಹೌದು, ಬಿಟ್ಟಿಯೂ ಹೌದು. ಸರಪಳಿಗೆ ಡಿಸ್ಕ್ ಬಡಿದಾಗ ಝಲ್ ಅಂತ ಒಂದು ಸದ್ದು ಬರುತ್ತದಲ್ಲ, ಅದೇ ನನ್ನನ್ನು ಕೆಡಿಸಿದ್ದು.

ಈ ಸರಪಳಿ ಬುಟ್ಟಿಯನ್ನು ಕಂಡುಹಿಡಿದವರು ಎಡ್ ಹೆಡ್ರಿಕ್. ಫ್ರಿಸ್ಬಿ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದವರು. 1975ರಲ್ಲಿ ಪ್ಯಾಸಡೀನಾ ಪಕ್ಕದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕೋರ್ಸ್, ಅಂದರೆ ಈ ಆಟದ ಅಂಗಳ, ಮಾಡಿದರು. ಆಗ ಬುಟ್ಟಿಯೂ ಇರಲಿಲ್ಲ, ಬರೀ ಕಂಬಗಳು. ಡಿಸ್ಕ್ ಕಂಬಕ್ಕೆ ತಾಗಿತೋ ಇಲ್ಲವೋ ಅಂತ ಜಗಳ ಆಗದೆ ಇರುತ್ತದೆಯೇ? ಸರಪಳಿ ಬಂತು, ಜಗಳ ನಿಂತಿತು. ಹೆಡ್ರಿಕ್ 2002ರಲ್ಲಿ ತೀರಿಕೊಂಡರು. ಅವರ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಡಿಸ್ಕ್ ಮಾಡಿದರು. ಇದನ್ನು ಊರಿನಲ್ಲಿ ನಮ್ಮ ಚಿಕ್ಕಪ್ಪನಿಗೆ ಹೇಳಿದಾಗ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಅಲ್ಲಿ ಹತ್ತಿರದಲ್ಲಿ ನದಿ ಇರಲಿಲ್ವೇನೋ" ಅಂದರು.

ಈಗ ಡಿಸ್ಕ್ ವಿಷಯಕ್ಕೆ ಬರೋಣ. ಹೊರಗಿನವರಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹತ್ತಿರದಿಂದ ನೋಡಿದರೆ ಒಂದರ ಅಂಚು ರೊಟ್ಟಿಯಂತೆ ತೆಳ್ಳಗೆ, ಇನ್ನೊಂದರದು ತಣಿಗೆಯಂತೆ ದಪ್ಪ. ತೆಳ್ಳನೆಯದು ದೂರ ಹಾರುವ ಡ್ರೈವರ್, ದಪ್ಪದ್ದು ಬುಟ್ಟಿಗೆ ಹಾಕುವ ಪಟರ್, ನಡುವಿನದು ಮಿಡ್‌ರೇಂಜ್. ಬಹಳಷ್ಟರ ಮೇಲೆ ನಾಲ್ಕು ಅಂಕಿ ಅಚ್ಚು ಹಾಕಿರುತ್ತಾರೆ. ಎಷ್ಟು ವೇಗ ಬೇಕು, ಎಷ್ಟು ತೇಲುತ್ತದೆ, ಮೊದಲು ಎಷ್ಟು ಹೊರಳುತ್ತದೆ, ಕೊನೆಗೆ ಎಷ್ಟು ತಿರುಗುತ್ತದೆ ಅಂತ. ನಾನು ಇದನ್ನು ಡಿಸ್ಕಿನ ಜಾತಕ ಅನ್ನುತ್ತೇನೆ. ಜಾತಕದ ಹಾಗೇ ಇದರಲ್ಲೂ ಒಂದು ತೊಂದರೆ ಇದೆ. ಬರೆದದ್ದೆಲ್ಲ ಸರಿಯಾಗಿ ಎಸೆಯುವವನಿಗೆ ಮಾತ್ರ ಅನ್ವಯಿಸುತ್ತದೆ.

ಇನ್ನೋವಾ ಕಂಪನಿಯ ಡಿಸ್ಟ್ರಾಯರ್ ಅಂತ ಒಂದಿದೆ. ಜಾತಕ 12, 5, -1, 3. ಆ 12 ಇದೆಯಲ್ಲ, ಅದು ನಮ್ಮನ್ನು ಹಾಳು ಮಾಡುವ ಅಂಕಿ. ಬಲಗೈಯವನು ಎದೆಯ ಅಡ್ಡ ಎಳೆದು ಎಸೆದರೆ ಡಿಸ್ಕ್ ಮೊದಲು ಸ್ವಲ್ಪ ಬಲಕ್ಕೆ ವಾಲಿ, ದೂರ ಹೋಗಿ, ನಿಧಾನ ಆದಮೇಲೆ ಎಡಕ್ಕೆ ಇಳಿಯಬೇಕು. ಆ ವೇಗ ಕೈಯಲ್ಲಿ ಇಲ್ಲದಿದ್ದರೆ ಅದು ಬಲಕ್ಕೆ ತಿರುಗಿಯೂ ನೋಡುವುದಿಲ್ಲ. ಬಿಟ್ಟ ತಕ್ಷಣ ಸಿಟ್ಟು ಮಾಡಿಕೊಂಡು ಎಡಕ್ಕೆ ಹೋಗಿ ಪೊದೆಯಲ್ಲಿ ಕೂರುತ್ತದೆ. ನನ್ನ ಡಿಸ್ಟ್ರಾಯರ್‌ಗಳು ಎಷ್ಟೋ ವರ್ಷ ಹೀಗೇ ಪೊದೆಯಲ್ಲಿ ಕೂತವು. ತಪ್ಪು ನನ್ನ ಕೈಯದಲ್ಲ, ಡಿಸ್ಕಿನ ತೂಕದ್ದು ಅಂದುಕೊಂಡು 175 ಗ್ರಾಂ ಬಿಟ್ಟು 168ರದು ಕೊಂಡೆ. ಆಮೇಲೆ ಪ್ಲಾಸ್ಟಿಕ್ಕಿನದು ಅಂದುಕೊಂಡು ಇನ್ನೊಂದು. ಸಾಂತಾ ಕ್ರೂಜ್‌ನ ಡೆಲವೆಯಾಗಾ ಕೋರ್ಸಿನಲ್ಲಿ 27ನೇ ಬುಟ್ಟಿಗೆ ಗುಡ್ಡದ ನೆತ್ತಿಯಿಂದ ಎಸೆಯಬೇಕು. ಅದಕ್ಕೆ 'ಟಾಪ್ ಆಫ್ ದಿ ವರ್ಲ್ಡ್' ಅಂತಲೇ ಹೆಸರು. ಅಲ್ಲಿಂದ ನಾನು ಬಿಟ್ಟ ಕೊನೆಯ ಡಿಸ್ಟ್ರಾಯರ್ ಎಷ್ಟು ಚೆನ್ನಾಗಿ ಹಾರಿತು ಅಂದರೆ, ಆಹಾ, ನೋಡುತ್ತಾ ನಿಂತುಬಿಟ್ಟೆ. ಎಲ್ಲಿ ಬಿತ್ತು ಅಂತ ನೋಡುವುದನ್ನು ಮರೆತೆ. ಸಿಗಲೇ ಇಲ್ಲ. ಗುಡ್ಡದ ಮೇಲಿಂದ ಎಸೆದರೆ ಯಾರ ಕೈಯಾದರೂ ಗಟ್ಟಿ ಅನ್ನಿಸುತ್ತದೆ ಅನ್ನುವುದು ಆಮೇಲೆ ಹೊಳೆಯಿತು.

ಈಗ ನನ್ನ ಚೀಲದಲ್ಲಿ ಒಂಬತ್ತೇ ಡಿಸ್ಕ್. ಉಳಿದವು ಡಿಕ್ಕಿಯಲ್ಲಿ ಸುಮ್ನೆ ತಿರುಗಾಡುತ್ತಿವೆ. ಚೀಲದಲ್ಲಿರುವುದು ಮೆಲ್ಲನೆ ಎಸೆದರೂ ಮಾತು ಕೇಳುವ ಲೆಪರ್ಡ್, ನೆಟ್ಟಗೆ ಹೋಗುವ ಟೀಬರ್ಡ್. ಎಂಥ ಗಾಳಿಗೂ ಜಗ್ಗದ ಫೈರ್‌ಬರ್ಡ್ ಇದೆ, ಅದನ್ನು ಕೈ ಪಕ್ಕಕ್ಕೆ ಬೀಸಿ ಎಸೆಯುತ್ತೇನೆ. ಆ ಬೀಸು ನನಗೆ ಯಾರೂ ಇಲ್ಲಿ ಕಲಿಸಿದ್ದಲ್ಲ. ಹಾಸನದ ನಮ್ಮೂರ ಕೆರೆಯಲ್ಲಿ ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಕುಪ್ಪಳಿಸುವ ಹಾಗೆ ಎಸೆಯುತ್ತಿದ್ದೆವಲ್ಲ, ಅದೇ ಮಣಿಕಟ್ಟು, ಅದೇ ಬೀಸು. ಇನ್ನು ಪಟರ್‌ಗೆ ಎರಡು ಏವಿಯಾರ್. ಅವುಗಳ ಮೇಲೆ 12 ಸಲ ವಿಶ್ವ ಚಾಂಪಿಯನ್ ಆದ ಕೆನ್ ಕ್ಲೈಮೋ ಅವರ ಹೆಸರಿನ ಅಕ್ಷರಗಳಿವೆ. ಅವರ ಹೆಸರಿದ್ದ ಮಾತ್ರಕ್ಕೆ ಬುಟ್ಟಿಗೆ ಬೀಳುವುದಿಲ್ಲ. ಆದರೂ ಧೈರ್ಯಕ್ಕೆ ಇರಲಿ ಅಂತ.

ಉಳಿದ ನಾಲ್ಕೂ ರಾಕ್ ಅನ್ನುವ ಮಿಡ್‌ರೇಂಜ್. ಎಲ್ಲ ಒಂದೇ ಅಚ್ಚಿನವು, ಒಂದೇ ಜಾತಕದವು, ವಯಸ್ಸು ಮಾತ್ರ ಬೇರೆ. ಇದನ್ನು ಕೇಳಿ ಹೊಸಬರು ನಗುತ್ತಾರೆ. ಅವರ ಮನೆಯಲ್ಲಿ ಕಬ್ಬಿಣದ ಕಾವಲಿ ಇಲ್ಲ ಅಂತ ಕಾಣುತ್ತದೆ. ಹೊಸ ಕಾವಲಿಯಲ್ಲಿ ದೋಸೆ ಏಳುತ್ತದೆಯೇ? ಈರುಳ್ಳಿ ತಿಕ್ಕಿ, ಎಣ್ಣೆ ಕುಡಿಸಿ, ಹತ್ತಾರು ದೋಸೆ ಹರಿದ ಮೇಲೆ ತಾನೇ ಅದು ಪಳಗುವುದು. ಅಗ್ಗದ ಪ್ಲಾಸ್ಟಿಕ್ಕಿನ ಡಿಸ್ಕ್ ಕೂಡ ಹಾಗೇ. ಹೊಸದಾಗಿದ್ದಾಗ ಗಡುಸಾಗಿ ಎಡಕ್ಕೆ ಎಳೆಯುತ್ತದೆ. ಓಕ್ ಮರಕ್ಕೆ ಬಡಿದು, ಕಲ್ಲಿಗೆ ಉಜ್ಜಿ, ಅಂಚು ಸವೆದ ಹಾಗೆ ನೆಟ್ಟಗಾಗುತ್ತದೆ. ಇನ್ನೂ ಸವೆದರೆ ಬಲಕ್ಕೆ ಹೊರಳುತ್ತದೆ. ಆದ್ದರಿಂದ ಎಡಕ್ಕೆ ಹೋಗಬೇಕಾದರೆ ಹೊಸ ರಾಕ್, ನೆಟ್ಟಗೆ ಹೋಗಬೇಕಾದರೆ ನಾಲ್ಕು ವರ್ಷದ್ದು, ಮರ ಬಳಸಿ ಬಲಕ್ಕೆ ಹೋಗಬೇಕಾದರೆ ಮುದುಕ. ನಾಲ್ಕನೆಯದು ಇನ್ನೂ ಪಳಗುತ್ತಿದೆ. ದುಬಾರಿ ಪ್ಲಾಸ್ಟಿಕ್ ಬೇಗ ಸವೆಯುವುದಿಲ್ಲ ಅಂತ ಹೊಗಳುತ್ತಾರೆ. ನನಗೆ ಅದೇ ಅದರ ದೋಷ.

ಮುದುಕ ಕೆಂಪು ಬಣ್ಣದವನು. 2009ರಲ್ಲಿ ಕೊಂಡದ್ದು. ಕೆಂಪು ಈಗ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಒಂದು ಗಾಯ, ಹೆಬ್ಬೆರಳು ಸರಿಯಾಗಿ ಅಲ್ಲಿಗೇ ಹೋಗಿ ಕೂರುತ್ತದೆ. ಪಂದ್ಯದಲ್ಲಿ ಡಿಸ್ಕಿನ ಮೇಲೆ ಗುರುತು ಇರಲೇಬೇಕು ಅಂತ ನಿಯಮ. ನಾನು ಹಿಂಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಕನ್ನಡದಲ್ಲಿ ಹೆಸರು ಬರೆದು, ಕೆಳಗೆ ಫೋನ್ ನಂಬರು ಹಾಕಿದ್ದೇನೆ. ಕನ್ನಡದ ಹೆಸರು ಇನ್ನೊಬ್ಬರ ಡಿಸ್ಕಿನಲ್ಲಿ ಇರುವ ಸಂಭವ ನಮ್ಮ ಕಡೆ ಕಡಿಮೆ.

ಪಂದ್ಯ ಅಂದೆನಲ್ಲ. ವರ್ಷಕ್ಕೆ ನಾಲ್ಕೈದು ಆಡುತ್ತೇನೆ, 50 ದಾಟಿದ ಹವ್ಯಾಸಿಗಳ ಗುಂಪಿನಲ್ಲಿ. ಈ ಆಟದಲ್ಲಿ ಪ್ರತಿಯೊಬ್ಬನಿಗೂ ಒಂದು ರೇಟಿಂಗ್ ಇರುತ್ತದೆ. 1000 ಅಂದರೆ ದೊಡ್ಡ ಆಟಗಾರ. ನಾನು ಒಮ್ಮೆ 903 ಮುಟ್ಟಿದ್ದೆ, ಈಗ 868. ನಮ್ಮ ಗುಂಪಿನಲ್ಲಿ ಆಟಕ್ಕಿಂತ ಮೊದಲು ಮಂಡಿ ನೋವಿನ ಮಾತು ಜಾಸ್ತಿ. ಅಂಪೈರ್ ಜೊತೆಗೆ ಬರುವುದಿಲ್ಲ. ನಾಲ್ವರು ಒಟ್ಟಿಗೆ ನಡೆಯುತ್ತೇವೆ, ಒಬ್ಬರ ತಪ್ಪನ್ನು ಇನ್ನೊಬ್ಬರೇ ಹೇಳಬೇಕು. ಬುಟ್ಟಿಯಿಂದ ಹತ್ತು ಮೀಟರಿನ ಒಳಗಿದ್ದರೆ, ಎಸೆದ ಮೇಲೆ ತೂಗಾಡದೆ ನಿಂತು ತೋರಿಸಿಯೇ ಮುಂದೆ ಹೆಜ್ಜೆ ಇಡಬೇಕು. ಎದುರಿಗಿರುವವನ ಮಂಡಿಗೆ ಆಪರೇಷನ್ ಆಗಿದೆ ಅಂತ ಗೊತ್ತಿದ್ದೂ "ನೀವು ತೂಗಾಡಿದಿರಿ" ಅನ್ನುವುದಕ್ಕೆ ಕಲ್ಲೆದೆ ಬೇಕು. ಅಂಕ ಬರೆಯುವಾಗ ತಪ್ಪಾದರೆ ಎರಡು ಎಸೆತ ದಂಡ. ನಾನು ಎರಡು ಸಲ ತೆತ್ತಿದ್ದೇನೆ. ಇಂಜಿನಿಯರ್ ಅಂತ ಹೇಳಿಕೊಳ್ಳಲು ನಾಚಿಕೆ ಆಯಿತು. ಇಷ್ಟೆಲ್ಲ ಆಗಿ ಗೆದ್ದರೆ ಬಹುಮಾನ ಏನು ಗೊತ್ತಾ? ಡಿಸ್ಕ್.

ಹೋದ ಮಾರ್ಚಿನ ಪಂದ್ಯದಲ್ಲಿ ಕೊನೆಯ ಬುಟ್ಟಿಗೆ ಬಂದಾಗ ನಾನು ಮೂರನೇ ಸ್ಥಾನದಲ್ಲಿದ್ದೆ. 230 ಅಡಿ. ಬುಟ್ಟಿಯ ಬಲಕ್ಕೆ ಕೊಳ. ಎದುರು ಗಾಳಿ. ಎದುರು ಗಾಳಿಯಲ್ಲಿ ಡಿಸ್ಕ್ ತಾನು ಇನ್ನೂ ಜೋರಾಗಿ ಹಾರುತ್ತಿದ್ದೇನೆ ಅಂದುಕೊಳ್ಳುತ್ತದೆ. ಬಲಕ್ಕೆ ಹೊರಳುವ ಚಾಳಿ ಇದ್ದರೆ ಆ ಚಾಳಿ ಎರಡರಷ್ಟಾಗುತ್ತದೆ. ಇದನ್ನು ನಾನೇ ಎಷ್ಟೋ ಹುಡುಗರಿಗೆ ಪಾಠ ಮಾಡಿದ್ದೇನೆ. ಹೊಸ ರಾಕ್ ತೆಗೆಯಬೇಕಿತ್ತು. ಫೈರ್‌ಬರ್ಡ್ ಆದರೂ ನಡೆಯುತ್ತಿತ್ತು. ಎಸೆಯಲು ಇರುವುದು 30 ಸೆಕೆಂಡು. ಕೈ ಚೀಲದೊಳಗೆ ಹೋಯಿತು, ಹೆಬ್ಬೆರಳಿಗೆ ಆ ಗಾಯ ಸಿಕ್ಕಿತು. ಕೈಗೆ ಗುರುತಿದ್ದದ್ದನ್ನೇ ಕೈ ಹಿಡಿಯಿತು. ನಾನೂ ಬೇಡ ಅನ್ನಲಿಲ್ಲ.

ಮುದುಕ ಚೆನ್ನಾಗಿಯೇ ಹೊರಟ. ಅರ್ಧ ದಾರಿಯಲ್ಲಿ ಮೂಗು ಎತ್ತಿದ, ಬಲ ಹೆಗಲು ಇಳಿಸಿದ, ಮತ್ತೆ ನೆಟ್ಟಗಾಗಲೇ ಇಲ್ಲ. ಕೊಳದಲ್ಲಿ ಸದ್ದು ಕೂಡ ದೊಡ್ಡದಾಗಿ ಆಗಲಿಲ್ಲ, ತಿಳಿಸಾರಿಗೆ ಹಪ್ಪಳ ಬಿದ್ದ ಹಾಗೆ. ಜೊತೆಯವರು ಒಬ್ಬರೂ ಮಾತಾಡಲಿಲ್ಲ. ನೀರಿಗೆ ಬಿದ್ದದ್ದಕ್ಕೆ ಒಂದು ಎಸೆತ ದಂಡ, ಮೇಲೊಂದು ಬುಟ್ಟಿ ತಪ್ಪಿದ ಎಸೆತ. ಮೂರರಲ್ಲಿ ಮುಗಿಯಬೇಕಾದದ್ದು ಐದಾಯಿತು, ಮೂರನೇ ಸ್ಥಾನವೂ ಐದಾಯಿತು. ಮನೆಗೆ ಬಂದು ಹೇಳಿದರೆ ಹೆಂಡತಿ, "ಸದ್ಯ, ಹೊಸ ತಟ್ಟೆ ಬರಲಿಲ್ಲವಲ್ಲ" ಅಂದಳು. ನನಗೆ ಬೇಜಾರಾದದ್ದು ಸ್ಥಾನಕ್ಕಲ್ಲ. ರಾತ್ರಿ ಚೀಲದಲ್ಲಿ ಆ ಜಾಗಕ್ಕೆ ನಾಲ್ಕು ವರ್ಷದವನನ್ನು ಸರಿಸಿ ನೋಡಿದೆ. ಸರಿಬರಲಿಲ್ಲ. ತೆಗೆದು ಖಾಲಿ ಬಿಟ್ಟೆ.

ಆಗಸ್ಟಿನಲ್ಲಿ ಕೊಳದ ನೀರು ಇಳಿಯುತ್ತದೆ. ಮೊನ್ನೆ ಗೊತ್ತಿಲ್ಲದ ನಂಬರಿನಿಂದ ಒಂದು ಮೆಸೇಜು ಬಂತು, ಜೊತೆಗೆ ಫೋಟೋ. ಕೆಸರು ಮೆತ್ತಿದ ಇಟ್ಟಿಗೆ ಬಣ್ಣ, ಅಂಚಿನ ಗಾಯ, ಅರ್ಧ ಅಳಿಸಿದ ನನ್ನ ಹೆಸರು. "ನಿಮ್ಮದಾ ಇದು? ತುಂಬಾ ಸವೆದು ಹೋಗಿದೆ. ಬೇಕಾ, ಇಲ್ಲಾ ಎಸೆದುಬಿಡಲಾ?"

ಎಸೆಯಬೇಡಿ, ಬಂದೆ ಅಂತ ಬರೆದೆ. ಇಷ್ಟು ವರ್ಷದಲ್ಲಿ ಡಿಸ್ಕ್ ಎಸೆಯಬೇಡಿ ಅಂತ ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಕಾರಿನ ಕೀ ತೆಗೆದುಕೊಳ್ಳುವಾಗ ಅಡುಗೆಮನೆಯಿಂದ ಕೂಗು ಬಂತು. "ರೀ, ಆ ಕಡೆ ಹೋಗ್ತಿದ್ದರೆ ಬರುವಾಗ ಅಕ್ಕಿ ತನ್ನಿ. ಹಾಗೇ ಡಿಕ್ಕಿ ಖಾಲಿ ಮಾಡಿಕೊಂಡು ಹೋಗಿ!"

ಹ್ಞೂಂ ಅಂದೆ. ಅಕ್ಕಿಗೆ ಹಿಂದಿನ ಸೀಟು ಇದ್ದೇ ಇದೆ.